ಲೋಂಗೇವಾಲಾದಲ್ಲಿ ಎಲ್ಲರೂ ಹುತಾತ್ಮರಾದರೇ? ಸತ್ಯಾಂಶ

1971ರ ಡಿಸೆಂಬರ್‌ನಲ್ಲಿ, ಭಾರತ–ಪಾಕ್ ಯುದ್ಧದ ವೇಳೆ, ರಾಜಸ್ಥಾನದ ಲೋಂಗೇವಾಲಾ ಗಡಿ ಠಾಣೆ ಕಾದ ಸುಮಾರು 120 ಯೋಧರಲ್ಲಿ ಬಹುತೇಕರು ಮಡಿದರು ಎಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವಲ್ಲ. ಅಲ್ಲಿ ಪ್ರಾಣ ಕೊಟ್ಟವರು ಇಬ್ಬರು. ದಂಡನಾಯಕ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಮಹಾವೀರ ಚಕ್ರ ಪಡೆದು 2018ರವರೆಗೂ ಬದುಕಿದ್ದರು.

ಹಾಗೆಂದು ಪಾಕ್ ಪಡೆ ದಾಳಿಗೆ ಬಂದ ಆ ರಾತ್ರಿ ಸುಲಭದ್ದಾಗಿರಲಿಲ್ಲ. ಗಸ್ತು ತಂಡಕ್ಕೆ ಕತ್ತಲಲ್ಲಿ ಮೊದಲು ಕೇಳಿಸಿದ್ದು ಟ್ಯಾಂಕ್‌ಗಳ ಎಂಜಿನ್ ಸದ್ದು. ನಮ್ಮ ವಾಯುಪಡೆಯ ಹಂಟರ್ ಯುದ್ಧವಿಮಾನಗಳು ರಾತ್ರಿ ದಾಳಿ ಮಾಡುವಂತಿರಲಿಲ್ಲ. ಬೆಳಗಾಗುವವರೆಗೆ ಕಾಲಾಳುಗಳೇ ತಡೆಯಬೇಕಿತ್ತು. ಮುಳ್ಳುತಂತಿ ಕಂಡ ಪಾಕ್ ಪಡೆ ನೆಲಬಾಂಬ್ ಇರಬಹುದೆಂದು ಅಂಜಿ ನಿಂತಿತು. ಸಡಿಲ ಮರಳಲ್ಲಿ ಹಲವು ಟ್ಯಾಂಕ್‌ಗಳು ಹೂತವು. ನಸುಕಿಗೆ ಜೈಸಲ್ಮೇರ್‌ನಿಂದ ಬಂದ ವಿಮಾನಗಳಿಗೆ ಬಯಲಲ್ಲಿ ಅವು ಸ್ಪಷ್ಟ ಗುರಿಗಳಾದವು. ಬದುಕುಳಿದವರನ್ನು ಸತ್ತವರ ಪಟ್ಟಿಗೆ ಸೇರಿಸುವುದು ನನಗೆ ಗೌರವವಾಗಿ ಕಾಣುವುದಿಲ್ಲ.