ಧಾರೆಗೂ ಆರತಕ್ಷತೆಗೂ ನಡುವೆ

ಮುಹೂರ್ತ ನಿಶ್ಚಯಿಸಿ ಆಮೇಲೆ ಜಾಗ ಹುಡುಕುವುದು ಹಿಂದಿನ ಕ್ರಮವಾಗಿತ್ತು. ಈಗ ಉಡುಪಿಯಲ್ಲಿ ಜಾತಕ ಹಿಡಿದುಕೊಂಡು ಪುರೋಹಿತರಲ್ಲಿಗೆ ಹೋದರೆ, ಅವರು ಪಂಚಾಂಗ ಬಿಡಿಸುವ ಮೊದಲೇ ‘ಹಾಲ್ ಯಾವತ್ತು ಖಾಲಿ ಉಂಟು?’ ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ, ಮದುವೆ ಮಾಡುವ ವಾಡಿಕೆಯಿಲ್ಲ, ಧನುರ್ಮಾಸವನ್ನು ಹೆಚ್ಚಿನವರು ಬಿಡುತ್ತಾರೆ, ಉಳಿದ ದಿನಗಳಲ್ಲಿ ಮುಂಬಯಿಯವರ ರಜೆ, ಗಲ್ಫಿನವರ ಟಿಕೆಟು, ಮಕ್ಕಳ ಪರೀಕ್ಷೆ ಎಲ್ಲವೂ ಕೂಡಿಬರಬೇಕು. ನಮಗೆ ಕೂಡಿಬಂದ ದಿನವೇ ಊರಿನ ಉಳಿದವರಿಗೂ ಕೂಡಿಬಂದಿರುತ್ತದೆ. ಗ್ರಹಗಳೆಲ್ಲ ಅನುಕೂಲವಾಗಿದ್ದು ಸಭಾಭವನದ ಮ್ಯಾನೇಜರೊಬ್ಬರು ಪ್ರತಿಕೂಲವಾದರೆ ಅಂಥ ಲಗ್ನದಿಂದ ಏನೂ ಪ್ರಯೋಜನವಿಲ್ಲ.

ನನ್ನ ತಮ್ಮನ ಮಗಳ ಮದುವೆಗೆ ದಿನವೂ ಸಿಕ್ಕಿತು, ಸಭಾಭವನವೂ ಸಿಕ್ಕಿತು. ಆದರೆ ಧಾರೆ ಮಧ್ಯಾಹ್ನ, ಆರತಕ್ಷತೆ ಸಂಜೆ, ಎರಡೂ ಅಲ್ಲಿಯೇ ಆಗಬೇಕು ಎಂದು ಹುಡುಗಿ ಹೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದೇ ಕಡೆ ಎರಡೂ ನಡೆಯುವುದು ಕರಾವಳಿಗೆ ಹೊಸದಲ್ಲ; ಹೊತ್ತು ಬೇರೆಯಾಗುವುದು ಹೊಸದು. ಇಲ್ಲಿ ಧಾರೆ ಮುಗಿದ ಕೂಡಲೇ ಅದೇ ವೇದಿಕೆಯಲ್ಲಿ ವಧೂವರರನ್ನು ನಿಲ್ಲಿಸುತ್ತಾರೆ. ಒಂದು ಸಾಲು ಕವರು ಹಿಡಿದು ಮೆಟ್ಟಿಲು ಹತ್ತುತ್ತಿರುವಾಗ ಇನ್ನೊಂದು ಸಾಲು ಊಟದ ಕೋಣೆಗೆ ಇಳಿಯುತ್ತಿರುತ್ತದೆ. ಎರಡು ಗಂಟೆಗೆ ನೆಂಟರು ಮನೆ ಸೇರಿರುತ್ತಾರೆ. ಒಂದೇ ದಿನ ಎರಡು ಮೂರು ಮದುವೆಗಳಲ್ಲಿ ಮುಖ ತೋರಿಸಿ ಮತ್ತೊಂದರಲ್ಲಿ ಊಟ ಮಾಡುವ ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೊಂದಿಲ್ಲ. ಬೆಂಗಳೂರಿನ ಕಡೆ ಎಷ್ಟೋ ಮದುವೆಗಳಲ್ಲಿ ಆರತಕ್ಷತೆ ಹಿಂದಿನ ಸಂಜೆಯೇ ನಡೆದುಹೋಗುತ್ತದೆ. ಅಂದರೆ, ಇನ್ನೂ ಆಗದ ಮದುವೆಗೆ ಶುಭಾಶಯ ಹೇಳಿ ಉಂಡು ಬರಬಹುದು. ನಮ್ಮಲ್ಲಿ ಅಷ್ಟು ಧೈರ್ಯ ಎಲ್ಲರಿಗೂ ಬಂದಿಲ್ಲ.

ಮಧ್ಯಾಹ್ನದ ಈ ಅವಸರಕ್ಕೆ ಸೂರ್ಯನೂ ಸ್ವಲ್ಪ ಹೊಣೆಗಾರ. ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಅಭಿಜಿನ್ ಸುಮುಹೂರ್ತ. ಹಗಲನ್ನು ಹದಿನೈದು ಪಾಲು ಮಾಡಿದರೆ ನಟ್ಟನಡುವೆ ಬರುವ ಎಂಟನೆಯ ಪಾಲು ಅದು, ಸುಮಾರು 48 ನಿಮಿಷದ್ದು. ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತದೆ. ಉಡುಪಿ ಅದಕ್ಕಿಂತ ಎಂಟು ಡಿಗ್ರಿಯಷ್ಟು ಪಶ್ಚಿಮಕ್ಕಿರುವುದರಿಂದ ಇಲ್ಲಿ ನಡುಹಗಲು ಬೀಳುವುದು ಹನ್ನೆರಡಕ್ಕಲ್ಲ, 12.30ರ ಆಸುಪಾಸಿನಲ್ಲಿ. ಹೀಗಾಗಿ ಧಾರೆಯ ನೀರು ಬೀಳುವ ಹೊತ್ತೂ ಸಭೆಯ ಹೊಟ್ಟೆ ಹಸಿಯುವ ಹೊತ್ತೂ ಒಂದೇ ಆಗಿದೆ. ಅಕ್ಷತೆ ಹಾಕಿದ ಕೈಯಲ್ಲಿಯೇ ಜನ ಊಟದ ಬಾಗಿಲು ತಳ್ಳುತ್ತಾರೆಂದು ಸಿಟ್ಟಾಗುವವರು ಈ ರೇಖಾಂಶದ ವಿಚಾರವನ್ನೂ ಗಮನಿಸಬೇಕು.

ಮಧ್ಯಾಹ್ನ 12.20ಕ್ಕೆ ಧಾರೆ, ಸಂಜೆ 6.30ಕ್ಕೆ ಆರತಕ್ಷತೆ ಎಂದು ಬರೆದಿಟ್ಟರೆ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಕೊನೆಯ ಪಂಕ್ತಿ ಎದ್ದ ಮೇಲೆ ಸಂಜೆಯ ದೀಪ ಹತ್ತುವವರೆಗೆ ಸುಮಾರು ನಾಲ್ಕು ಗಂಟೆ ಉಳಿಯುತ್ತದೆ. ಒಂದೇ ಸಭಾಭವನದ ಮದುವೆಯಲ್ಲಿ ಯೋಜಿಸಬೇಕಾದದ್ದು ಈ ನಾಲ್ಕು ಗಂಟೆಯನ್ನು ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ. ಧಾರೆಯನ್ನು ಪುರೋಹಿತರು ನೋಡಿಕೊಳ್ಳುತ್ತಾರೆ, ಊಟವನ್ನು ಅಡುಗೆ ಭಟ್ಟರು ನೋಡಿಕೊಳ್ಳುತ್ತಾರೆ. ಶಿವಮೊಗ್ಗದಿಂದ ಬಂದ ದೊಡ್ಡತ್ತೆ ಹೋಳಿಗೆ ಉಂಡು ಎಲ್ಲಿ ಬೆನ್ನು ಚಾಚಬೇಕು ಎಂಬುದನ್ನು ಯಾರೂ ನೋಡಿಕೊಳ್ಳುವುದಿಲ್ಲ. ಸಭಾಭವನದವರು ಕೊಡುವುದು ಎರಡು ಕೋಣೆ, ಒಂದು ಹೆಣ್ಣಿನ ಕಡೆಗೆ, ಒಂದು ಗಂಡಿನ ಕಡೆಗೆ. ಎರಡರಲ್ಲಿ ಒಂದಕ್ಕೆ ಮಾತ್ರ ಏಸಿ ಇರುತ್ತದೆ. ಅದು ಯಾರಿಗೆ ಎಂಬ ಪ್ರಶ್ನೆ ನಿಶ್ಚಿತಾರ್ಥದಲ್ಲಿ ಎತ್ತುವಂಥದ್ದಲ್ಲ, ಎತ್ತದೆ ಬಿಟ್ಟರೆ ಎಷ್ಟೋ ವರ್ಷ ಉಳಿಯುವಂಥದ್ದು. ನಾಲ್ಕು ಗಂಟೆಯ ಚಹಾ ಯಾರ ಲೆಕ್ಕ? ಕೇಟರಿಂಗಿನವರು ಮಧ್ಯಾಹ್ನದ ಎಲೆಯನ್ನೂ ರಾತ್ರಿಯ ತಟ್ಟೆಯನ್ನೂ ಎಣಿಸುತ್ತಾರೆ. ನಡುವಿನ ಚಹಾ ಮತ್ತು ಗೋಳಿಬಜೆಗೆ ಬೇರೆ ಮಾತಾಡಿರಬೇಕು.

ಆ ಹೊತ್ತಿನಲ್ಲಿ ವೇದಿಕೆಯ ಬಳಿ ಕುಳಿತು ನೋಡಿದವರಿಗೆ ಗೊತ್ತು. ಮೂರು ಗಂಟೆಗೆ ಡೆಕೋರೇಷನ್ನಿನ ಹುಡುಗರು ಬರಿಗಾಲಲ್ಲಿ ಮಂಟಪದ ಮೇಲೆ ಹತ್ತುತ್ತಾರೆ. ಒಬ್ಬ ಬಾಳೆಗಿಡದ ಕಟ್ಟು ಬಿಚ್ಚುತ್ತಾನೆ, ಇನ್ನೊಬ್ಬ ಚೆಂಡುಹೂವಿನ ಮಾಲೆಯನ್ನು ಮೇಲಿನಿಂದಲೇ ಕೆಳಗೆ ಬಿಡುತ್ತಾನೆ, ಮತ್ತಿಬ್ಬರು ಕೆಂಪು ಸೋಫಾವನ್ನು ಓರೆ ಮಾಡಿ ಪಕ್ಕದ ಬಾಗಿಲಿನಿಂದ ಒಳಗೆ ತರುತ್ತಾರೆ. ಕಂಬಳಿಯ ಮೇಲೆ ಬಿದ್ದ ಅಕ್ಷತೆಯನ್ನು ಗುಡಿಸುವಾಗ ದರ್ಭೆ, ವೀಳ್ಯದೆಲೆ, ಯಾರದೋ ಸೇಫ್ಟಿ ಪಿನ್ನು ಎಲ್ಲವೂ ಒಂದೇ ಮೊರಕ್ಕೆ ಬರುತ್ತವೆ. ಅಷ್ಟರಲ್ಲಿ ಹೆಣ್ಣಿನ ಸೋದರಮಾವ ಓಡಿಬಂದು ‘ಧಾರೆಯ ಗಿಂಡಿ ಎಲ್ಲಿ?’ ಎಂದು ಕೇಳುತ್ತಾರೆ. ಗಿಂಡಿ ಬೆಳ್ಳಿಯದ್ದು, ಹಿರಿಯರ ಕಾಲದ್ದು. ಅದು ಹೂವಿನ ರಾಶಿಯಡಿ ಸಿಗುತ್ತದೆ. ಸಿಗುವವರೆಗೆ ಯಾರ ಮುಖದಲ್ಲೂ ನಗು ಇರುವುದಿಲ್ಲ. ಮಂಟಪದ ಸಾಮಾನುಗಳಿಗೆ ಒಬ್ಬ ಮನುಷ್ಯನನ್ನೇ ನೇಮಿಸಿಡುವುದು ಉತ್ತಮ, ಮತ್ತು ಆ ಮನುಷ್ಯ ಫೋಟೋಕ್ಕೆ ನಿಲ್ಲುವ ಚಪಲವಿಲ್ಲದವನಾಗಿರಬೇಕು.

ಏಸಿ ಸಭಾಭವನವಾದರೆ ಇನ್ನೊಂದು ತೊಡಕು ಹೋಮದ್ದು. ಅಗ್ನಿ ಹಾಕುವಾಗ ಏಸಿ ನಿಲ್ಲಿಸಿ ಬಾಗಿಲು ತೆರೆಯಬೇಕು, ತೆರೆದರೆ ಏಪ್ರಿಲಿನ ಸೆಕೆ ಒಳಗೆ ಬರುತ್ತದೆ, ತೆರೆಯದಿದ್ದರೆ ಹೊಗೆ ಹೊರಗೆ ಹೋಗುವುದಿಲ್ಲ, ಸಂಜೆಯ ಸೂಟು ಬೂಟಿನವರು ತುಪ್ಪದ ವಾಸನೆಯಲ್ಲಿಯೇ ಕೈ ಕುಲುಕಬೇಕಾಗುತ್ತದೆ. ಹಾಗೆಂದು ಹೋಮವನ್ನು ಸಂಕ್ಷೇಪ ಮಾಡಿ ಎನ್ನುವುದಕ್ಕೂ ಬರುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಸಪ್ತಪದಿಯ ಪದ್ಧತಿ ಇರುವಲ್ಲಿ ಏಳನೆಯ ಹೆಜ್ಜೆಗೇ ಮದುವೆ ಪೂರ್ಣವಾಗುವುದು. ಮದುವೆಯೆಂದರೆ ಹಾಡು ಕುಣಿತ ಮತ್ತು ಊಟೋಪಚಾರದ ಸಂದರ್ಭವಲ್ಲ ಎಂದು ಸುಪ್ರೀಂ ಕೋರ್ಟು 2024ರಲ್ಲಿ ನೆನಪಿಸಿದ್ದೂ ಉಂಟು. ನಮ್ಮ ಮನೆಯ ಚರ್ಚೆಯಲ್ಲಿ ಸಪ್ತಪದಿಗೆ ಹದಿನೈದು ನಿಮಿಷ, ಡಿಜೆಗೆ ಎರಡು ಗಂಟೆ ಎಂದು ಯಾರೋ ಬರೆದಿಟ್ಟಿದ್ದರು. ಡಿಜೆಗೂ ಮಿತಿಯುಂಟು: 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರ ಮೇಲೆ ಮುಚ್ಚಿದ ಸಭಾಂಗಣದ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ.

ಊಟದ ವಿಷಯ ಕ್ಲಿಷ್ಟ. ದೇವಸ್ಥಾನಗಳಿಗೆ ಸೇರಿದ ಸಭಾಭವನಗಳಲ್ಲಿ ಸಾಮಾನ್ಯವಾಗಿ ಶಾಕಾಹಾರ ಮಾತ್ರ. ಧಾರೆಯ ಊಟಕ್ಕೆ ಅದು ಸರಿಯೇ; ಮಟ್ಟುಗುಳ್ಳ ಬದನೆಯ ಹುಳಿ, ಅಂಬಡೆ, ಪಾಯಸವಿದ್ದಲ್ಲಿ ಯಾರೂ ಕೋಳಿಯನ್ನು ನೆನೆಯುವುದಿಲ್ಲ. ಸಂಜೆಗೆ ಮಾತ್ರ ಗಂಡಿನ ಕಡೆಯವರಿಗೆ ಕೋರಿರೊಟ್ಟಿ ಬೇಕು, ಅಂಜಲ್ ಮೀನಿನ ಫ್ರೈ ಬೇಕು. ಇದೊಂದೇ ಕಾರಣಕ್ಕೆ ಎರಡು ಸಭಾಭವನ ಹಿಡಿದವರನ್ನು ನಾನು ಬಲ್ಲೆ. ಎರಡಕ್ಕೂ ಒಪ್ಪುವ ಜಾಗವಾದರೂ ಅಡುಗೆಮನೆ ಎರಡು ಇರಬೇಕು, ಪಾತ್ರೆಗಳು ಬೇರೆಯಾಗಿರಬೇಕು. ಮಾತಿನಲ್ಲಿ ಮಾತ್ರವಲ್ಲ, ಅಜ್ಜಿ ಹೋಗಿ ಕಣ್ಣಾರೆ ನೋಡುವಂತೆ ಬೇರೆಯಾಗಿರಬೇಕು.

ಮಲ್ಲಿಗೆಯ ಮಾತು ಕಡಿಮೆ. ಶಂಕರಪುರದ ಮಲ್ಲಿಗೆ ಬೆಳಗ್ಗೆ ಮುಡಿದರೆ ಸಂಜೆಗೆ ಬಾಡುತ್ತದೆ, ಆದ್ದರಿಂದ ಎರಡು ಸಲ ತರಿಸಬೇಕು. ಒಂದು ಚೆಂಡಿಗೆ 800 ಹೂ, ಒಂದು ಅಟ್ಟೆಗೆ ನಾಲ್ಕು ಚೆಂಡು. ಮದುವೆಯ ಋತುವಿನಲ್ಲಿ ಅಟ್ಟೆಯ ದರ ಕೇಳಿ ಗಂಡಸರು ಸುಮ್ಮನಾಗುತ್ತಾರೆ, ಹೆಂಗಸರು ಇನ್ನೊಂದು ಅಟ್ಟೆ ಹೇಳುತ್ತಾರೆ.

ಮಂಗಳೂರಿನ ಕ್ರೈಸ್ತ ಗೆಳೆಯರಿಗೆ ಈ ತಲೆನೋವು ಇಲ್ಲ. ಅವರ ಮದುವೆ ಇಗರ್ಜಿಯಲ್ಲಿ, ಔತಣ ಸಭಾಭವನದಲ್ಲಿ. ಪೀಠವನ್ನು ಎತ್ತಿಕೊಂಡು ಬರಲಾಗುವುದಿಲ್ಲವಾದ್ದರಿಂದ ಒಂದೇ ಜಾಗ ಎಂಬ ಆಸೆಯೂ ಹುಟ್ಟುವುದಿಲ್ಲ. ನಮ್ಮಲ್ಲೂ ಹಿಂದೆ ಹೆಣ್ಣಿನ ಮನೆಯ ಅಂಗಳದಲ್ಲಿ ಅಡಕೆಮರದ ಕಂಬ ನೆಟ್ಟು, ತೆಂಗಿನ ಮಡಲಿನ ಚಪ್ಪರದಡಿ ಧಾರೆ ನಡೆಯುತ್ತಿತ್ತು. ಬೀಗರೂಟ ಬೇರೆ ದಿನ, ಬೇರೆ ಮನೆಯಲ್ಲಿ. ಯಾರು ಯಾರಿಗೆ ಅತಿಥಿ ಎಂಬುದರಲ್ಲಿ ಸಂಶಯವಿರುತ್ತಿರಲಿಲ್ಲ. ಈಗ ಮಧ್ಯಾಹ್ನ ಬಾಗಿಲಲ್ಲಿ ನಿಂತು ಬೆಲ್ಲ ನೀರು ಕೊಟ್ಟವರೇ ಸಂಜೆ ಅದೇ ಬಾಗಿಲಲ್ಲಿ ಅತಿಥಿಗಳಾಗಿ ಒಳಗೆ ಬರಬೇಕು, ಬೆಳಗ್ಗಿನ ಅತಿಥಿಗಳು ಪನ್ನೀರು ಚಿಮುಕಿಸಬೇಕು. ನಾವು ಮಧ್ಯಾಹ್ನದ ಖರ್ಚು ಹೆಣ್ಣಿನ ಕಡೆಗೆ, ಸಂಜೆಯದು ಗಂಡಿನ ಕಡೆಗೆ ಎಂದು ಹಂಚಿಕೊಂಡೆವು. ಚಹಾ ಮತ್ತು ಗೋಳಿಬಜೆ ಎಷ್ಟು ಮಾತಾಡಿದರೂ ಯಾವ ಕಡೆಗೂ ಸೇರದೆ ಕೊನೆಗೆ ನನ್ನ ಪಾಲಿಗೆ ಬಂತು.

ಬಾಡಿಗೆಯಲ್ಲಿ ಉಳಿತಾಯವಾಗುತ್ತದೆಂದು ಹೊರಟವರಿಗೆ ಕಡೆಯ ಪಾಠ ಹೇಳುವವರು ಮ್ಯಾನೇಜರು. ಅವರ ದಿನ ಹಿಂದಿನ ಸಂಜೆ ಐದಕ್ಕೆ ಹುಟ್ಟಿ ಮರುಸಂಜೆ ಐದಕ್ಕೆ ಮುಗಿಯುತ್ತದೆ. ಆರೂವರೆಯ ಆರತಕ್ಷತೆ ಎರಡನೆಯ ದಿನದ ಬಾಡಿಗೆಗೆ ಬೀಳುತ್ತದೆ. ತಮ್ಮ ಎರಡು ಸಲ ಹೋಗಿ ಮಾತಾಡಿ ಬಂದ. ಮದರಂಗಿಯನ್ನು ನಾವು ಮನೆಯಲ್ಲೇ ಮಾಡಿಕೊಂಡು ಬೆಳಗ್ಗೆ ಆರಕ್ಕೆ ಸಭಾಭವನಕ್ಕೆ ಬಂದರೆ ರಾತ್ರಿ ಹನ್ನೊಂದರವರೆಗೆ ಒಂದೇ ಬಾಡಿಗೆ ಎಂದು ಅವರು ಒಪ್ಪಿದ್ದಾರೆ. ಅಡುಗೆಯವರು ಹಿಂದಿನ ರಾತ್ರಿಯೇ ಬರಲೇಬೇಕೆಂದಾಗ ಅದಕ್ಕೂ ಒಪ್ಪಿ, ಅಡುಗೆಮನೆಯ ಬೀಗದ ಕೈ ಮಾತ್ರ ಕೊಡುವುದಾಗಿಯೂ ಮೇಲಿನ ಲೈಟು ಹಾಕಬಾರದೆಂದೂ ಹೇಳಿದ್ದಾರೆ.