ಮೀನಿಗೆ ಕಾನೂನು ಬೇಕಿರುವುದು ಮನೆಯಲ್ಲಲ್ಲ, ಅಂಗಡಿಯಲ್ಲಿ

ನಮ್ಮ ದೇಶದಲ್ಲಿ ಸಾಕುಮೀನಿಗೂ ಕಾನೂನಿದೆ ಅಂದರೆ ಬಳ್ಳಾರಿಯಲ್ಲಿ ಯಾರೂ ನಂಬುವುದಿಲ್ಲ. ಆದರೆ ಇದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು 1960ರಲ್ಲಿ ಬಂದ ಕಾಯ್ದೆ, ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಗಳನ್ನೂ ಪ್ರಾಣಿ ಎಂದೇ ಕರೆಯುತ್ತದೆ. ಮೈ ಆಡಿಸಲು ಜಾಗ ಸಾಲದ ಪಂಜರದಲ್ಲೋ ಪಾತ್ರೆಯಲ್ಲೋ ಪ್ರಾಣಿಯನ್ನು ಇಡುವುದು ಅದರ ಪ್ರಕಾರ ಅಪರಾಧ. ಹಾಗೆ ನೋಡಿದರೆ ಟಿವಿ ಪಕ್ಕದಲ್ಲೋ ಅಂಗಡಿ ಗಲ್ಲಾದ ಮೇಲೋ ಇರುವ ಆ ಗುಂಡು ಗಾಜಿನ ಬೌಲು, ಅದರಲ್ಲಿ ಸುತ್ತು ಹೊಡೆಯುವ ಎರಡು ಗೋಲ್ಡ್ ಫಿಶ್, ಎಲ್ಲ ತಪ್ಪೇ. ದಂಡ ಎಷ್ಟು ಗೊತ್ತಾ? ಮೊದಲ ಸಲಕ್ಕೆ 10 ರೂಪಾಯಿಯಿಂದ 50 ರೂಪಾಯಿ. ಬೌಲಿನ ತಳಕ್ಕೆ ಹಾಕುವ ಬಣ್ಣದ ಕಲ್ಲಿಗೇ ಅದಕ್ಕಿಂತ ಜಾಸ್ತಿ ಕೊಡಬೇಕು.

ನಾನು ಬಳ್ಳಾರಿಯವನು. ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಇಲ್ಲೇ ಉಳಿದಿದ್ದೇನೆ. ಮಗಳಿಗೆ ಮೀನಿನ ಹುಚ್ಚು. ಅವಳ ದೆಸೆಯಿಂದ ಎರಡೂ ಊರಿನ ಮೀನಿನಂಗಡಿಗಳಲ್ಲಿ ಬೇಕಾದಷ್ಟು ಹೊತ್ತು ನಿಂತಿದ್ದೇನೆ. "ಅಲ್ಲಿ ಕಾನೂನು ಕಟ್ಟುನಿಟ್ಟು, ಇಲ್ಲಿ ಯಾರೂ ಕೇಳೋರಿಲ್ಲ" ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಹೊರಗಿರುವ ನಮ್ಮಂಥವರು ಬರೆಯುವುದೇ ಅದು. ಆದರೆ ವಿಷಯ ಅಷ್ಟು ಸರಳವಾಗಿಲ್ಲ.

ಮೊದಲು ಇಲ್ಲಿಯ ಕಥೆ. ಜರ್ಮನಿಯಲ್ಲಿ ಬೆನ್ನೆಲುಬಿರುವ ಯಾವ ಪ್ರಾಣಿಯ ವ್ಯಾಪಾರಕ್ಕೂ ಪರವಾನಗಿ ಬೇಕು. ಅಂಗಡಿ ನಡೆಸುವವರಿಗೆ ಆ ಪ್ರಾಣಿಯ ಬಗ್ಗೆ ತಿಳಿವಳಿಕೆ ಇದೆ ಅಂತ ತೋರಿಸಬೇಕು. 16 ತುಂಬದ ಮಕ್ಕಳಿಗೆ ಹೆತ್ತವರ ಒಪ್ಪಿಗೆ ಇಲ್ಲದೆ ಕೊಡುವ ಹಾಗಿಲ್ಲ. ಇನ್ನೊಂದು ನಿಯಮ 2014ರ ಆಗಸ್ಟ್‌ನಿಂದ ಬಂದದ್ದು, ನನಗೆ ತುಂಬ ಹಿಡಿಸಿದ್ದು. ಒಂದು ಜಾತಿಯ ಪ್ರಾಣಿಯನ್ನು ಮೊದಲ ಸಲ ಕೊಳ್ಳುವವರ ಕೈಗೆ, ಅದಕ್ಕೆ ಏನು ಬೇಕು, ಹೇಗೆ ಸಾಕಬೇಕು ಅಂತ ಬರೆದ ಕಾಗದವನ್ನೂ ಪ್ರಾಣಿಯ ಜೊತೆಗೇ ಕೊಡಬೇಕು. ನಾಯಿಮರಿಗೂ ಅಷ್ಟೇ, ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನಿಗೂ ಅಷ್ಟೇ.

ಮಗಳ ಜೊತೆ ಮೀನು ಕೊಳ್ಳಲು ಹೋದಾಗ ಅಂಗಡಿಯ ಹುಡುಗಿ ಮೀನನ್ನೇ ತೋರಿಸಲಿಲ್ಲ. ಟ್ಯಾಂಕ್ ಎಷ್ಟು ಲೀಟರ್? ಫಿಲ್ಟರ್ ಹಾಕಿ ಎಷ್ಟು ವಾರ ಆಯಿತು? ನೀರು ಪರೀಕ್ಷೆ ಮಾಡಿದ್ದೀರಾ? ಯಾವುದಕ್ಕೂ ನಮ್ಮಲ್ಲಿ ಉತ್ತರವಿಲ್ಲ. ಇವತ್ತು ಟ್ಯಾಂಕ್ ಮಾತ್ರ ಒಯ್ಯಿರಿ, ಮೀನಿಗೆ ಮುಂದಿನ ತಿಂಗಳು ಬನ್ನಿ ಅಂದಳು. ಮಗಳು ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬಂದಳು.

ಆ ಹುಡುಗಿ ವಾರ ಎಷ್ಟಾಯಿತು ಅಂತ ಕೇಳಿದ್ದಕ್ಕೆ ಕಾರಣವಿದೆ. ಮೀನಿನ ಮೈಯಿಂದ ಅಮೋನಿಯಾ ಬರುತ್ತಲೇ ಇರುತ್ತದೆ. ಅದು ಮೀನಿಗೇ ವಿಷ. ನೀರಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಿದ ಮೇಲೆ ಅಪಾಯ ಕಡಿಮೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಬೌಲಿನಲ್ಲಿ ಫಿಲ್ಟರೇ ಇರುವುದಿಲ್ಲ. ಅದಕ್ಕೇ ಶನಿವಾರ ತಂದ ಮೀನು ಮುಂದಿನ ಶನಿವಾರ ತೇಲುವುದು. "ನಮ್ಮ ಮನೆಗೆ ಮೀನು ಆಗಿಬರಲ್ಲ" ಅನ್ನುತ್ತೇವಲ್ಲ, ಆಗಿಬರದೇ ಇರುವುದು ಅಮೋನಿಯಾ ಅಷ್ಟೇ.

ಸರಿ, ಹಾಗಾದರೆ ಜರ್ಮನಿಯ ಮೀನೆಲ್ಲ ಸುಖವಾಗಿವೆಯಾ? ಇಲ್ಲ. ಮಾರಿದ ಮೇಲೆ ಯಾವ ಅಧಿಕಾರಿಯೂ ಮನೆಗೆ ಬಂದು ನೀರು ನೋಡುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲೇ ಪಾಚಿ ಕಟ್ಟಿದ ಟ್ಯಾಂಕ್ ಇದೆ. ಸ್ವಿಟ್ಜರ್ಲೆಂಡ್ ಇನ್ನೂ ಮುಂದೆ ಹೋಗಿದೆ. 2008ರಲ್ಲಿ ಜಾರಿಗೆ ಬಂದ ಅವರ ನಿಯಮದಲ್ಲಿ ಅಕ್ವೇರಿಯಂ ಎಲ್ಲ ಕಡೆಯಿಂದಲೂ ಪಾರದರ್ಶಕವಾಗಿರುವಂತಿಲ್ಲ, ಮೀನಿಗೆ ಹಗಲು ರಾತ್ರಿಯ ಲೆಕ್ಕ ತಿಳಿಯಬೇಕು. ಓದಲು ಚೆನ್ನಾಗಿದೆ. ಆದರೆ ರಾತ್ರಿ ಹನ್ನೊಂದಕ್ಕೆ ಯಾರ ಮನೆಯ ಟ್ಯಾಂಕಿನ ಲೈಟು ಆರಿಲ್ಲ ಅಂತ ನೋಡುವವರು ಯಾರು? ರೋಮ್ ನಗರ 2005ರಲ್ಲಿ ಗುಂಡು ಬೌಲನ್ನೇ ನಿಷೇಧಿಸಿತು. ಆಗ ಅದು ಜಗತ್ತಿಗೆಲ್ಲ ತಮಾಷೆಯ ಸುದ್ದಿ.

ಇದಕ್ಕಿಂತ ಚೆನ್ನಾಗಿ ಹಿಡಿತ ಸಿಗುವುದು ಮೀನು ಕೈ ಬದಲಾಯಿಸುವ ಜಾಗದಲ್ಲಿ. ಬ್ರಿಟನ್ನಿನ ಜಾತ್ರೆಗಳಲ್ಲಿ ಉಂಗುರ ಎಸೆದು ಗೋಲ್ಡ್ ಫಿಶ್ ಗೆಲ್ಲುವ ಆಟ ಹಳೆಯದು. 1956ರಲ್ಲಿ ಹಾಗೆ ಗೆದ್ದು ತಂದ ಟಿಶ್ ಎಂಬ ಮೀನು 43 ವರ್ಷ ಬದುಕಿ ದಾಖಲೆಯಾಯಿತು. ಉಳಿದವು ಎಷ್ಟು ದಿನ ಬದುಕಿದವು ಅಂತ ಯಾರೂ ಬರೆದಿಡಲಿಲ್ಲ. ಸ್ಕಾಟ್ಲೆಂಡ್ 2006ರ ಕಾಯ್ದೆಯಲ್ಲಿ ಪ್ರಾಣಿಯನ್ನು ಬಹುಮಾನ ಕೊಡುವುದನ್ನೇ ನಿಲ್ಲಿಸಿತು. ಇದು ಮನೆಯೊಳಗೆ ಇಣುಕುವ ಕಾನೂನಲ್ಲ. ಸ್ಟಾಲು ಕಣ್ಣಮುಂದೆ ಇರುತ್ತದೆ, ತೆಗೆಸಿದರೆ ಆಯಿತು. ಫ್ರಾನ್ಸಿನಲ್ಲಂತೂ 2021ರಲ್ಲಿ ಅಗ್ರೋಬಯೋಥರ್ಸ್ ಎಂಬ ದೊಡ್ಡ ಕಂಪನಿ ಯಾವ ಕಾನೂನಿಗೂ ಕಾಯದೆ, ಗುಂಡು ಬೌಲನ್ನೂ 15 ಲೀಟರಿಗಿಂತ ಚಿಕ್ಕ ಟ್ಯಾಂಕನ್ನೂ ಮಾರುವುದನ್ನು ಬಿಟ್ಟಿತು. ಅಂಗಡಿಯಲ್ಲೇ ಇಲ್ಲದ ಬೌಲಿನಲ್ಲಿ ಮೀನು ಇಡೋಕಾಗಲ್ಲ ಅಲ್ವಾ?

ಈಗ ನಮ್ಮ ಕಡೆಗೆ ಬರೋಣ. ಜರ್ಮನಿಯ ನಿಯಮವನ್ನು ಹಾಗೇ ಎತ್ತಿ ಬಳ್ಳಾರಿಗೋ ರಾಯಚೂರಿಗೋ ತಂದರೆ ಮೊದಲು ಸೋಲುವುದು ಬಿಸಿಲಿಗೆ. ಇಲ್ಲಿ ಎಲ್ಲರೂ ಹೀಟರ್ ಬಗ್ಗೆ ಮಾತಾಡುತ್ತಾರೆ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ ಹೊರಗೆ 42 ಡಿಗ್ರಿ ದಾಟುತ್ತದೆ, ಮನೆಯೊಳಗಿನ ಟ್ಯಾಂಕಿನ ನೀರೂ ಕಾಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 35 ಡಿಗ್ರಿಯಲ್ಲಿ ಸುಮಾರು 7. ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಏರಿರುತ್ತದೆ. ಗೋಲ್ಡ್ ಫಿಶ್ ತಣ್ಣೀರಿನ ಮೀನು, ಕಾರ್ಪ್ ಜಾತಿಯದು. ಮಧ್ಯಾಹ್ನ ಕರೆಂಟ್ ಹೋಗಿ ಗಾಳಿ ಪಂಪ್ ನಿಂತರೆ ಅದು ಮೇಲೆ ಬಂದು ಬಾಯಿ ತೆರೆಯುತ್ತದೆ. ಮಕ್ಕಳು ಹಸಿವಾಗಿದೆ ಅಂದುಕೊಂಡು ಇನ್ನಷ್ಟು ಕಾಳು ಹಾಕುತ್ತಾರೆ. ಆ ಕಾಳು ಕೊಳೆತು ಮತ್ತಷ್ಟು ಅಮೋನಿಯಾ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಕಷ್ಟವೇ ಮೀನಿಗೆ ಅನುಕೂಲ. ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಡ್ರಮ್ಮು, ಕೊಡ, ಬಕೆಟ್ ಎಲ್ಲ ತುಂಬಿಡುತ್ತೇವೆ. ಬಾಯಿ ತೆರೆದ ಡ್ರಮ್ಮಿನಲ್ಲಿ ಒಂದೆರಡು ದಿನ ನಿಂತ ನೀರಿನಿಂದ ಕ್ಲೋರಿನ್ ತಾನಾಗೇ ಹಾರಿಹೋಗುತ್ತದೆ. ಬೇರೆ ಊರಿನವರು ಅದಕ್ಕೆಂದೇ ಬಾಟಲಿಯಲ್ಲಿ ಔಷಧ ಕೊಳ್ಳುತ್ತಾರೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಕೂಡ ಮಾಲಿ, ಗಪ್ಪಿ ಅನ್ನುವ ಮೀನುಗಳಿಗೆ ಒಗ್ಗುತ್ತದೆ. ಗಪ್ಪಿ ಅಂದರೆ ಸೊಳ್ಳೆಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ತೊಟ್ಟಿಗೆ ಬಿಡುವ ಮೀನು. ನಮ್ಮ ಬಿಸಿಲನ್ನೂ ಸಾಕಷ್ಟು ತಾಳುತ್ತದೆ. ಆದರೆ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಕೊಡುವುದು ಗೋಲ್ಡ್ ಫಿಶ್. ಬಣ್ಣ ಚೆಂದ, ಹೆಸರೂ ಚೆಂದ.

ಕಾನೂನಿಗೆ ಸಿಗದ ಇನ್ನೊಂದು ಸಂಗತಿಯೂ ಇದೆ. ಅದು ನಂಬಿಕೆ. ಗಣಿ ದುಡ್ಡು ಹರಿದಾಡಿದ ವರ್ಷಗಳಲ್ಲಿ ಬಳ್ಳಾರಿಯ ದೊಡ್ಡ ಮನೆಗಳಿಗೆ ವಾಸ್ತು ಮೀನು ಅಂತ ಅರವಾನಾ ಬಂತು, ಫ್ಲವರ್‌ಹಾರ್ನ್ ಬಂತು. ಮನೆಗೆ ಲಕ್ಷ್ಮಿ ಬರುತ್ತಾಳಂತೆ. ಎರಡು ಮೂರು ಅಡಿ ಬೆಳೆಯುವ ಅರವಾನಾ ನಾಲ್ಕಡಿ ಟ್ಯಾಂಕಿನಲ್ಲಿ ತಿರುಗಲು ಮೈ ಬಳುಕಿಸಬೇಕು. ಅಕ್ಕನ ಮನೆಯಲ್ಲೂ ಒಂದಿತ್ತು. ಅದು ಸತ್ತ ದಿನ ಫೋನ್ ಮಾಡಿ, ನೀರು ಕೆಟ್ಟಿತ್ತಾ ಅಂತ ಕೇಳಿದೆ. ಅಕ್ಕ ನಿರಾಳವಾಗಿ, "ಏ ಹೋಗ್ಲಿ ಬಿಡೋ ತಮ್ಮಾ, ಮನಿಗೆ ಬರೋ ಗಂಡಾಂತರ ಅದು ಹೊತ್ಕೊಂಡು ಹೋತು" ಅಂದಳು. ಇದು ಅವಳೊಬ್ಬಳ ಮಾತಲ್ಲ. ವಾಸ್ತು ಮೀನು ಸತ್ತ ಮನೆಯಲ್ಲೆಲ್ಲ ಇದೇ ಸಮಾಧಾನ. ಸಾವೇ ಶುಭ ಅಂದಮೇಲೆ ತಪ್ಪು ಹುಡುಕುವವರು ಯಾರು? ಮುಂದಿನ ವಾರ ಇನ್ನೊಂದು ಅರವಾನಾ.

ನಂಬಿಕೆ ಮೀನನ್ನು ಉಳಿಸಿಯೂ ಇದೆ ಅನ್ನಿ. ಶೃಂಗೇರಿಗೆ ಹೋದವರು ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಕೈ ಮುಗಿಯುತ್ತಾರೆ. ಅಲ್ಲಿ ಬಲೆ ಬೀಸುವ ಮಾತೇ ಇಲ್ಲ. ಅದೇ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ನಮ್ಮ ಡ್ಯಾಮಿಗೆ ಬರುವ ಹೊತ್ತಿಗೆ ಮೀನು ಕೆಜಿ ಲೆಕ್ಕ. ಅದನ್ನು ತಪ್ಪೆನ್ನುವುದಿಲ್ಲ, ನಾನೂ ತಿನ್ನುವವನೇ. "ತಿನ್ನುವ ಮೀನಿಗಿಲ್ಲದ ದಯೆ ಸಾಕುಮೀನಿಗೆ ಯಾಕೆ" ಅಂತ ಕೇಳುವವರಿಗೆ ಒಂದೇ ಉತ್ತರ. ತಿನ್ನುವ ಮೀನನ್ನು ನಾವು ಸಾಕುತ್ತೇವೆ ಅಂತ ಹೇಳಿಕೊಳ್ಳುವುದಿಲ್ಲ. ಮೀನಿಗೆ ನೋವೇ ಆಗುವುದಿಲ್ಲ ಎಂಬ ವಾದವೂ ಈಗ ಗಟ್ಟಿಯಾಗಿ ನಿಲ್ಲುವುದಿಲ್ಲ. 2003ರಲ್ಲೇ ಸ್ಕಾಟ್ಲೆಂಡಿನ ವಿಜ್ಞಾನಿಗಳು ಟ್ರೌಟ್ ಮೀನಿನ ತಲೆ, ಮೂತಿಯ ಭಾಗದಲ್ಲಿ ಪೆಟ್ಟು, ಬಿಸಿ, ಆಮ್ಲಗಳಿಗೆ ಸ್ಪಂದಿಸುವ ನರಗಳನ್ನು ತೋರಿಸಿದ್ದಾರೆ.

ದೆಹಲಿ ಒಮ್ಮೆ ಪ್ರಯತ್ನಪಟ್ಟಿತ್ತು. 2017ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಮತ್ತು ಮೀನಿನಂಗಡಿಗಳಿಗೆಂದೇ ನಿಯಮ ತಂದಿತು. ನೋಂದಣಿ ಮಾಡಿಸಬೇಕು, ಕೃತಕ ಬಣ್ಣ ಹಾಕಿದ ಮೀನು ಇಡಬಾರದು. ಇವೆಲ್ಲ ಒಳ್ಳೆಯವೇ. ಆದರೆ ಜೊತೆಗೆ ಮೀನಿನ ವೈದ್ಯರೂ ಇರಬೇಕು ಅಂದರು. ರಾಯಚೂರಿನಲ್ಲಿ ಎತ್ತಿನ ಡಾಕ್ಟರೇ ಕರೆದ ದಿನ ಸಿಗುವುದಿಲ್ಲ, ಮೀನಿನ ಡಾಕ್ಟರನ್ನು ಎಲ್ಲಿಂದ ತರೋದು? ಮೀನುಗಾರಿಕೆ ಓದಿದವರು ಬೇಕೆಂದರೆ ಮಂಗಳೂರಿನ ಕಾಲೇಜಿನ ಕಡೆ ನೋಡಬೇಕು. ಚೆನ್ನೈನ ಕೊಳತ್ತೂರಿನಲ್ಲಿ ಬಣ್ಣದ ಮೀನನ್ನೇ ನಂಬಿ ಬದುಕುವ ಕುಟುಂಬಗಳು ಎಷ್ಟೋ ಇವೆ. ಅವರೆಲ್ಲ ಬೀದಿಗಿಳಿದರು. ಅದೇ ವರ್ಷ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಮಾಡಲಾಗದ ಒಂದು ಷರತ್ತಿನ ಜೊತೆ ಮಾಡಬಹುದಾದ ಹತ್ತು ಷರತ್ತುಗಳೂ ಹೋದವು.

ಹೋದ ಸಲ ಊರಿಗೆ ಬಂದಾಗ ಬೆಂಗಳೂರು ರಸ್ತೆಯ ಕಡೆ ಮೀನಿನಂಗಡಿ ಇಟ್ಟಿರುವ ಒಬ್ಬರ ಜೊತೆ ಇದನ್ನೆಲ್ಲ ಮಾತಾಡಿದೆ. ಅವರಿಗೆ ಅಮೋನಿಯಾ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಹಾಗಿದ್ದರೂ ಬೌಲು ಯಾಕೆ ಮಾರುತ್ತೀರಿ ಅಂದೆ. "ಸಾರ್, ಬೌಲಿನ್ಯಾಗ ಗೋಲ್ಡ್ ಫಿಶ್ ಬದುಕಲ್ಲ ಅಂತ ನಾನು ಹೇಳಿದ್ರ ಗಿರಾಕಿ ಬಾಜೂ ಅಂಗಡಿಗೆ ಹೋಗ್ತಾನ್ರಿ. ಅಲ್ಲಿ ತಗೊಂತಾನ. ಮೀನೂ ಸಾಯ್ತದ, ನನ್ನ ವ್ಯಾಪಾರಾನೂ ಸಾಯ್ತದ. ಎಲ್ಲಾರಿಗೂ ಒಂದೇ ರೂಲ್ ಮಾಡ್ರಿ, ನಾಳಿಯಿಂದ ನಾನು ಇಡಲ್ಲ."

ಕಾನೂನು ಬೇಕು ಅಂತ ನಾನು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಸಿಕ್ಕಿಲ್ಲ. ಕೆಟ್ಟವರನ್ನು ಹಿಡಿಯಲು ಅಲ್ಲ. ಸರಿಯಾಗಿ ಮಾರಬೇಕು ಅನ್ನುವವನಿಗೆ ನಷ್ಟ ಆಗಬಾರದು, ಅದಕ್ಕೆ. 1960ರ ಕಾಯ್ದೆಯ ದಂಡ ಹೆಚ್ಚಿಸುವ ಕರಡು 2022ರಲ್ಲಿ ಹೊರಬಂದಿತ್ತು. 50 ರೂಪಾಯಿ ಸಾವಿರಗಳಾಗಲಿ, ಬೇಡ ಅನ್ನುವುದಿಲ್ಲ. ಆದರೆ ಬೌಲಿನ ಮೀನು ಸತ್ತಿತು ಅಂತ ಅಕ್ಕನ ಮನೆಗೆ ಪೊಲೀಸರು ಬರುವುದಿಲ್ಲ, ಬರಲೂಬಾರದು.

ಮಹಾನಗರ ಪಾಲಿಕೆ ಅಂಗಡಿಗಳಿಗೆ ಹೇಗೂ ಟ್ರೇಡ್ ಲೈಸೆನ್ಸ್ ಕೊಡುತ್ತದೆ. ಮೀನು ಮಾರುವವರ ಲೈಸೆನ್ಸಿಗೆ ಎರಡು ಮಾತು ಸೇರಿಸಿದರೆ ಸಾಕು. ಫಿಲ್ಟರ್ ಕೂರಿಸಲಾಗದ ಬೌಲನ್ನು ಮೀನಿಗೆಂದು ಮಾರಬಾರದು. ಮೀನಿನ ಜೊತೆ ಕನ್ನಡದಲ್ಲೂ ತೆಲುಗಿನಲ್ಲೂ ಅಚ್ಚು ಹಾಕಿಸಿದ ಒಂದು ಚೀಟಿ ಕೊಡಬೇಕು. ಅದರಲ್ಲಿ ಎಷ್ಟು ದೊಡ್ಡದಾಗುತ್ತದೆ, ಎಷ್ಟು ವರ್ಷ ಬದುಕುತ್ತದೆ, ಎಷ್ಟು ಲೀಟರ್ ಬೇಕು, ಮೇ ತಿಂಗಳಲ್ಲಿ ಏನು ಮಾಡಬೇಕು, ಇಷ್ಟಿರಲಿ. ಬೇಡವಾದರೆ ಕಾಲುವೆಗೆ ಬಿಡಬೇಡಿ ಅಂತಲೂ ಇರಲಿ. ಟ್ಯಾಂಕ್ ಕ್ಲೀನರ್ ಅಂತ ಮಾರುವ ಆ ಕಪ್ಪು ಮೀನು ಆಂಧ್ರದ ಕಡೆ ಕೃಷ್ಣೆಯಲ್ಲಿ ಬೆಳೆದು ಬಲೆ ಹರಿಯುತ್ತಿದೆ. ಅಲ್ಲಿಯ ಬೆಸ್ತರು ಅದನ್ನು ದೆವ್ವದ ಮೀನು ಅನ್ನುತ್ತಾರೆ.

ಕೊಪ್ಪಳದವರು ಆನ್‌ಲೈನಿನಲ್ಲಿ ಬೌಲು ತರಿಸಿಕೊಂಡರೆ ಬಳ್ಳಾರಿ ಪಾಲಿಕೆ ಏನೂ ಮಾಡೋಕಾಗಲ್ಲ, ಅದೂ ನಿಜ. ಅದಕ್ಕೆ ದೆಹಲಿಯೇ ಬೇಕು. 2017ರ ಆ ನಿಯಮವನ್ನೇ ಮತ್ತೆ ಹೊರತೆಗೆಯಲಿ. ವೈದ್ಯರ ಷರತ್ತು ಬಿಡಲಿ, ಚೀಟಿಯ ಷರತ್ತು ಸೇರಿಸಲಿ. ಕೊಳತ್ತೂರಿನವರು ಈ ಸಲ ಅಷ್ಟು ಕೂಗಾಡಲಿಕ್ಕಿಲ್ಲ. ಬೌಲು ಹೋಗಿ ಟ್ಯಾಂಕು, ಫಿಲ್ಟರು ಮಾರಾಟವಾದರೆ ಲಾಭ ಜಾಸ್ತಿ ಬರುವುದು ಅವರಿಗೇ.