ದಾವಣಗೆರೆಗೂ ಒಂದು ‘ದೇಶದಲ್ಲೇ ಅತಿ ಎತ್ತರ’ ಬೇಕು

ದಾವಣಗೆರೆಗೆ ಯಾವುದರ ಕೊರತೆಯೂ ಇಲ್ಲವೆಂದು ನಾವು ಬಹಳ ಕಾಲ ನಂಬಿಕೊಂಡಿದ್ದೆವು. ಬೆಣ್ಣೆದೋಸೆ ನಮ್ಮದು, ಹತ್ತಿ ಗಿರಣಿಗಳ ಕಾಲದಲ್ಲಿ ಬಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಗಿರಣಿಗಳು ಹೋದ ಮೇಲೂ ನಮ್ಮಲ್ಲೇ ಉಳಿದಿದೆ, ಕುಂದವಾಡ ಕೆರೆಯ ಬಳಿ ಗಾಜಿನ ಮನೆಯಿದೆ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಏಷ್ಯಾದಲ್ಲೇ ಎರಡನೆಯ ಅತಿ ದೊಡ್ಡ ಕೆರೆಯೆಂದು ಬಂದ ನೆಂಟರಿಗೆಲ್ಲ ಹೇಳಿ ಕಳುಹಿಸುತ್ತೇವೆ. ಆದರೆ ಕೂತು ಲೆಕ್ಕ ಹಾಕಿದರೆ ಇವೆಲ್ಲವೂ ನೆಲಕ್ಕೆ ಅಂಟಿಕೊಂಡ, ಅಡ್ಡಡ್ಡ ಹಬ್ಬಿದ ಹೆಮ್ಮೆಗಳು. ಕೆರೆ ಎಷ್ಟೇ ದೊಡ್ಡದಾದರೂ ಮಲಗಿಕೊಂಡೇ ಇರುತ್ತದೆ. ಅದರ ಮುಂದೆ ನಿಂತು ಕತ್ತೆತ್ತಿ ನೋಡುವಂಥದ್ದು ಏನೂ ಇಲ್ಲ. ದೇಶದ ಅತಿ ಎತ್ತರದ ನಿರ್ಮಾಣಗಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಓದಿದರೆ ನಮ್ಮ ಜಿಲ್ಲೆಯ ಹೆಸರು ಎಲ್ಲಿಯೂ ಸಿಗುವುದಿಲ್ಲ. ಇಂಥ ಪರಿಸ್ಥಿತಿಯಲ್ಲಿ ಚರಂಡಿಯ ಬಗ್ಗೆ, ಬೀದಿ ದೀಪದ ಬಗ್ಗೆ ಮಾತನಾಡುವವರಿಗೆ ಊರಿನ ಮಾನದ ಪರಿವೆಯೇ ಇಲ್ಲವೆಂದು ತಿಳಿಯಬೇಕಾಗುತ್ತದೆ.

ನೆರೆಹೊರೆಯವರು ಸುಮ್ಮನೆ ಕುಳಿತಿಲ್ಲ. ಪಂಜಾಬಿನ ಅಟ್ಟಾರಿ ಗಡಿಯಲ್ಲಿ 2017ರಲ್ಲಿ 360 ಅಡಿಯ ಧ್ವಜಸ್ತಂಭ ಎದ್ದಿತು. ಮರುವರ್ಷವೇ ಬೆಳಗಾವಿಯವರು ಕೋಟೆ ಕೆರೆಯ ದಂಡೆಯಲ್ಲಿ 110 ಮೀಟರಿನ, ಅಂದರೆ ಸುಮಾರು 361 ಅಡಿಯ, ಕಂಬ ನಿಲ್ಲಿಸಿ, ಅಂಗುಲಗಳ ಲೆಕ್ಕದಲ್ಲಿ ಅಟ್ಟಾರಿಯನ್ನು ಹಿಂದೆ ಹಾಕಿದರು. 2022ರ ಸ್ವಾತಂತ್ರ್ಯೋತ್ಸವದ ಹೊತ್ತಿಗೆ ನಮ್ಮ ಪಕ್ಕದ ಹೊಸಪೇಟೆಯಲ್ಲಿ 405 ಅಡಿಯ ಕಂಬ ನಿಂತು, ದೇಶದಲ್ಲೇ ಅತಿ ಎತ್ತರದ್ದೆಂಬ ಕೀರ್ತಿ ವಿಜಯನಗರ ಜಿಲ್ಲೆಗೆ ಬಂತು. ಆ ಕೀರ್ತಿಗೆ ಎರಡು ವರ್ಷವೂ ತುಂಬಲಿಲ್ಲ. 2023ರಲ್ಲಿ ಅಟ್ಟಾರಿಯವರು 418 ಅಡಿಯ ಹೊಸ ಕಂಬದೊಂದಿಗೆ ಮರಳಿ ಬಂದರು. ಈ ಪೈಪೋಟಿಯಲ್ಲಿ ಬಾವುಟದ ಪಾಡೇನಾಯಿತೆಂದು ಕೇಳುವವರು ಕಡಿಮೆ. ಅಷ್ಟು ಮೇಲೆ ಗಾಳಿಯ ರಭಸ ಎಷ್ಟಿರುತ್ತದೆಂದರೆ, ಅಟ್ಟಾರಿಯಲ್ಲಿ ಮೊದಲ ಕೆಲವು ತಿಂಗಳುಗಳಲ್ಲೇ ಬಾವುಟ ಪದೇ ಪದೇ ಹರಿಯಿತು. ಹರಿದ ಬಾವುಟವನ್ನು ಹಾರಿಸಬಾರದೆಂದು ಧ್ವಜ ಸಂಹಿತೆ ಹೇಳುತ್ತದೆ; ಹೀಗಾಗಿ ಬಾವುಟ ಇಳಿಯುತ್ತದೆ, ಕಂಬ ಮಾತ್ರ ಗಾಳಿಗೆ ಜಗ್ಗದೆ ನಿಂತು ದೇಶದಲ್ಲೇ ಅತಿ ಎತ್ತರವಾಗಿ ಉಳಿಯುತ್ತದೆ. ಕಂಬಗಳನ್ನು ಅಡಿಯಲ್ಲಿ ಅಳೆದು ಕಟ್ಟಡಗಳನ್ನು ಮೀಟರಿನಲ್ಲಿ ಅಳೆಯುವ ಪದ್ಧತಿ ಏಕೆ ಬಂತೆಂಬುದನ್ನೂ ಇಲ್ಲಿ ಗಮನಿಸಬೇಕು: 123 ಮೀಟರಿಗಿಂತ 405 ಅಡಿ ಭಾಷಣದಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಕಂಬದಲ್ಲಿ ಗೆಲ್ಲುವುದು ಕಷ್ಟವಾದರೆ ಪ್ರತಿಮೆಯ ದಾರಿಯಿದೆ. ಗುಜರಾತಿನಲ್ಲಿ 2018ರಲ್ಲಿ ಅನಾವರಣಗೊಂಡ ಸರ್ದಾರ್ ಪಟೇಲರ ಏಕತಾ ಪ್ರತಿಮೆ 182 ಮೀಟರ್ ಎತ್ತರವಿದೆ. ಆ ರಾಜ್ಯದ ವಿಧಾನಸಭೆಯಲ್ಲಿ 182 ಸ್ಥಾನಗಳಿವೆ, ಅಳತೆಯನ್ನು ಅದಕ್ಕೆ ಸರಿಯಾಗಿ ಇಟ್ಟಿದ್ದಾರೆ. ಈ ಸೂತ್ರವನ್ನು ಹಿಡಿದರೆ 224 ಶಾಸಕರಿರುವ ಕರ್ನಾಟಕಕ್ಕೆ 224 ಮೀಟರಿನ ಪ್ರತಿಮೆ ಕಟ್ಟುವ ಹಕ್ಕು ತಾನಾಗಿಯೇ ಬರುತ್ತದೆ. ಆದರೆ 403 ಸ್ಥಾನಗಳ ಉತ್ತರ ಪ್ರದೇಶ ಎದ್ದು ನಿಂತ ದಿನ ನಾವು ಮತ್ತೆ ಕುಳ್ಳರಾಗುತ್ತೇವೆ. ಮುಂಬೈ ಕಡಲಿನ ಶಿವಾಜಿ ಸ್ಮಾರಕದ ನಕ್ಷೆಯನ್ನು 2018ರಲ್ಲಿ ತಿದ್ದಿದಾಗ ಇನ್ನೊಂದು ಜಾಣತನ ಬೆಳಕಿಗೆ ಬಂತು. ಅಲ್ಲಿ ವಿಗ್ರಹದ ಎತ್ತರವನ್ನು ತಗ್ಗಿಸಿ, ತಗ್ಗಿದಷ್ಟನ್ನು ಕೈಯಲ್ಲಿರುವ ಕತ್ತಿಗೆ ಸೇರಿಸಿ, ಒಟ್ಟು ಅಳತೆ ಒಂದು ಕೂದಲೆಳೆಯೂ ಕಡಿಮೆಯಾಗದಂತೆ ನೋಡಿಕೊಂಡರು. ಕಡಲಿನಲ್ಲಿ ಮೂರ್ತಿ ಇನ್ನೂ ನಿಂತಿಲ್ಲ, ಅಳತೆ ಮಾತ್ರ ನಿಂತಿದೆ.

ಇವೆರಡೂ ಹಣವಿರುವವರ ದಾರಿಗಳು. ನಮ್ಮಂಥ ಊರಿಗೆ ಒಗ್ಗುವ, ಖರ್ಚಿಲ್ಲದ ದಾರಿಯೆಂದರೆ ವಿಶೇಷಣದ್ದು. ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ 2022ರ ನವೆಂಬರಿನಲ್ಲಿ ಅನಾವರಣಗೊಂಡ ಕೆಂಪೇಗೌಡರ ಪ್ರತಿಮೆ 108 ಅಡಿಯದು. ಗುಜರಾತಿನ ಪ್ರತಿಮೆಯ ಪಕ್ಕದಲ್ಲಿಟ್ಟರೆ ಅದು ಮೊಣಕಾಲಿನವರೆಗೂ ಬರಲಾರದು. ಆದರೂ ಅದಕ್ಕೆ ವಿಶ್ವದಾಖಲೆಯ ಪ್ರಮಾಣಪತ್ರ ಸಿಕ್ಕಿತು, ಹೇಗೆಂದರೆ ‘ನಗರವೊಂದರ ಸಂಸ್ಥಾಪಕರ ಕಂಚಿನ ಪ್ರತಿಮೆಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು’ ಎಂಬ ವರ್ಗದಲ್ಲಿ. ಓಟದಲ್ಲಿ ಒಬ್ಬರೇ ಇದ್ದರೆ ಗೆಲುವು ನಿಶ್ಚಿತವೆಂಬುದನ್ನು ಇದಕ್ಕಿಂತ ಗೌರವಾನ್ವಿತ ರೀತಿಯಲ್ಲಿ ಯಾರೂ ತೋರಿಸಿಕೊಟ್ಟಿರಲಿಲ್ಲ. ಕೆಂಪೇಗೌಡರ ದೊಡ್ಡತನಕ್ಕೆ ಈ ಪ್ರಮಾಣಪತ್ರದ ಅಗತ್ಯವಿತ್ತೇ ಎಂದು ಯಾರಾದರೂ ಕೇಳಬಹುದು. ಅವರು ಕಟ್ಟಿಸಿದ ಕೆರೆಗಳನ್ನು ಮುಚ್ಚಿದ ಮೇಲೆ ಅವರನ್ನು ನೆನೆಯಲು ಎತ್ತರದ ಹೊರತು ನಮ್ಮ ಬಳಿ ಬೇರೇನು ಉಳಿದಿದೆ? ಅದೇ ಬೆಂಗಳೂರಿಗೆ 2024ರಲ್ಲಿ ಸಚಿವ ಸಂಪುಟ 250 ಮೀಟರಿನ ಸ್ಕೈಡೆಕ್ ಎಂಬ ವೀಕ್ಷಣಾ ಗೋಪುರವೊಂದನ್ನು ಒಪ್ಪಿತು, ಅಂದಾಜು ವೆಚ್ಚ 500 ಕೋಟಿ ರೂಪಾಯಿ. ಕೆಳಗೆ ನಿಂತ ವಾಹನಗಳು ನಿಂತೇ ಇವೆ ಎಂಬುದನ್ನು ಅಷ್ಟು ಎತ್ತರದಿಂದ ನೋಡುವ ಅವಕಾಶ ದೇಶದಲ್ಲಿ ಬೇರಾವ ಊರಿಗೂ ಸಿಗಲಾರದು.

ಅಳತೆಯ ಶಾಸ್ತ್ರವೂ ನಮ್ಮ ಪರವಾಗಿಯೇ ಇದೆ. ಮಲೇಷ್ಯಾದ ಪೆಟ್ರೋನಾಸ್ ಗೋಪುರಗಳು ಅಮೆರಿಕದ ಷಿಕಾಗೋ ನಗರದ ಸಿಯರ್ಸ್ ಗೋಪುರವನ್ನು 1990ರ ದಶಕದಲ್ಲಿ ಸೋಲಿಸಿದ್ದು ಹತ್ತು ಮೀಟರಿನಿಂದ, ಅದೂ ತಲೆಯ ಮೇಲಿನ ಚೂಪು ಶಿಖರದ ಬಲದಿಂದ. ಸಿಯರ್ಸ್ ಗೋಪುರದ ಮೇಲಿದ್ದ ಆಂಟೆನಾಗಳನ್ನು ಸೇರಿಸಿದ್ದರೆ ಅದು ಎಷ್ಟೋ ಮೇಲಿರುತ್ತಿತ್ತು. ಆದರೆ ಎತ್ತರವನ್ನು ತೀರ್ಮಾನಿಸುವ ಅಂತರರಾಷ್ಟ್ರೀಯ ಮಂಡಳಿಯ ನಿಯಮದಲ್ಲಿ ಶಿಖರ ಕಟ್ಟಡದ ಅಂಗ, ಆಂಟೆನಾ ಕೇವಲ ಉಪಕರಣ. ಜುಟ್ಟು ಲೆಕ್ಕಕ್ಕೆ ಬರುತ್ತದೆ, ಜುಟ್ಟಿಗೆ ಮುಡಿದ ಹೂವು ಬರುವುದಿಲ್ಲ. 828 ಮೀಟರಿನ ಬುರ್ಜ್ ಖಲೀಫಾದಲ್ಲಿ ಮೇಲಿನ 244 ಮೀಟರಿನಷ್ಟು ಭಾಗದಲ್ಲಿ ಯಾರೂ ವಾಸಿಸಲಾಗದೆಂದು ಅದೇ ಮಂಡಳಿ 2013ರಲ್ಲಿ ಲೆಕ್ಕ ಹಾಕಿ ತೋರಿಸಿತು. ಅಂದರೆ ನಮ್ಮ ಏಕತಾ ಪ್ರತಿಮೆಯನ್ನೂ ಮೀರಿಸುವ ಒಂದು ನಿರ್ಮಾಣ, ಯಾವ ಕೆಲಸಕ್ಕೂ ಬಾರದೆ, ಇನ್ನೊಂದರ ತಲೆಯ ಮೇಲೆ ಕುಳಿತಿದೆ.

ಜಮ್ಮು-ಕಾಶ್ಮೀರದ ಚೆನಾಬ್ ರೈಲ್ವೆ ಸೇತುವೆ ನಿಜವಾಗಿಯೂ ಮೆಚ್ಚಬೇಕಾದ ಕೆಲಸ, ಅದರ ಬಗ್ಗೆ ಹಗುರವಾಗಿ ಮಾತನಾಡುವ ಉದ್ದೇಶವಿಲ್ಲ. ಆದರೆ ಅದರ 359 ಮೀಟರನ್ನು ಕೆಳಗಿನ ನದಿಯಿಂದ ಅಳೆಯುತ್ತಾರೆ, ಕಮರಿ ಎಷ್ಟು ಆಳವೋ ಸೇತುವೆ ಅಷ್ಟು ಎತ್ತರ ಎಂಬ ತತ್ತ್ವದಲ್ಲಿ ದಾವಣಗೆರೆಗೆ ದೊಡ್ಡ ಭರವಸೆಯಿದೆ. 2016ರ ಜನವರಿಯಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳಲ್ಲಿ ಒಂದಾಗಿ ಆಯ್ಕೆಯಾದ ಮೇಲೆ ಈ ಊರಿನಲ್ಲಿ ಅಗೆತದ ಅನುಭವಕ್ಕೆ ಕೊರತೆಯಿಲ್ಲ. ಗುಂಡಿಯ ತಳದಿಂದ ಅಳೆಯಲು ಒಪ್ಪಿಗೆ ಸಿಕ್ಕರೆ ನಮ್ಮ ಸಾಧಾರಣ ಎರಡಂತಸ್ತಿನ ಮನೆಗಳೂ ಗೌರವದ ಸ್ಥಾನಕ್ಕೆ ಏರುತ್ತವೆ. ಸಮುದ್ರ ಮಟ್ಟದಿಂದ ಅಳೆಯುವುದು ಇನ್ನೂ ಲಾಭಕರ: ದಾವಣಗೆರೆಯ ನೆಲವೇ ಸುಮಾರು 600 ಮೀಟರ್ ಮೇಲಿರುವುದರಿಂದ, ಮಂಡಿಪೇಟೆಯಲ್ಲಿ ಚೀಲದ ಮೇಲೆ ಕುಳಿತ ಹಮಾಲರು ದೇಶದ ಯಾವ ಗೋಪುರದ ತುದಿಗಿಂತಲೂ ಮೇಲಿದ್ದಾರೆ. ಈ ಸೂತ್ರವನ್ನು ಗುಟ್ಟಾಗಿಡುವುದು ಒಳ್ಳೆಯದು, ಏಕೆಂದರೆ ಬೆಂಗಳೂರಿನ ನೆಲ 900 ಮೀಟರಿನಲ್ಲಿದೆ. ಚಿತ್ರದುರ್ಗದವರ ಕಿವಿಗಂತೂ ಇದು ಬೀಳಲೇಬಾರದು. ಅವರ ಬಳಿ ಜೋಗಿಮಟ್ಟಿ ಬೆಟ್ಟವಿದೆ, ಕಲ್ಲುಬಂಡೆಗಳ ಮೇಲೆ ಏಳು ಸುತ್ತಿನ ಕೋಟೆಯೂ ಇದೆ.

ಹಾಗಾದರೆ ಈ ದೇಶದಲ್ಲಿ ನಿಜಕ್ಕೂ ಅತಿ ಎತ್ತರಕ್ಕೆ ನಿಂತಿರುವುದು ಯಾವುದು? ತಮಿಳುನಾಡಿನ ದಕ್ಷಿಣದ ತುದಿಯಲ್ಲಿ, ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂ ಎಂಬ ಊರಿನ ಬಳಿ, ಐಎನ್‌ಎಸ್ ಕಟ್ಟಬೊಮ್ಮನ್ ನೌಕಾನೆಲೆಯಲ್ಲಿ ನಿಂತಿರುವ 471 ಮೀಟರಿನ ರೇಡಿಯೊ ಕಂಬಗಳು. ಏಕತಾ ಪ್ರತಿಮೆಯ ಎರಡೂವರೆ ಪಟ್ಟು ಎತ್ತರದ ಈ ಕಂಬಗಳನ್ನು ಸುತ್ತಲೂ ಬಿಗಿದ ಉಕ್ಕಿನ ಹಗ್ಗಗಳು ಹಿಡಿದು ನಿಲ್ಲಿಸಿವೆ. ಅವುಗಳಿಗೆ ಅಷ್ಟು ಎತ್ತರ ಬಂದದ್ದು ಯಾರ ಜಂಬದಿಂದಲೂ ಅಲ್ಲ. ಕಡಲಿನೊಳಗೆ ಮುಳುಗಿರುವ ಜಲಾಂತರ್ಗಾಮಿಗಳಿಗೆ ಸಂದೇಶ ಮುಟ್ಟಿಸಬೇಕಾದರೆ ಅತಿ ಕಡಿಮೆ ಕಂಪನಾಂಕದ, ಕಿಲೋಮೀಟರುಗಟ್ಟಲೆ ಉದ್ದದ ಅಲೆಗಳು ಬೇಕು. ಅಂಥ ಅಲೆಗಳಿಗೆ ಅಂಥ ಕಂಬವೇ ಬೇಕು. ದೇಶದ ಅತಿ ಎತ್ತರದ ವಸ್ತು ಕೆಲಸ ಮಾಡುವುದು ದೇಶದ ಅತಿ ಆಳದಲ್ಲಿರುವವರಿಗಾಗಿ. ಅದರ ಕೆಳಗೆ ನಿಂತು ಸೆಲ್ಫಿ ತೆಗೆಯುವಂತಿಲ್ಲ, ಟಿಕೆಟ್ ಇಲ್ಲ, ಲೇಸರ್ ಪ್ರದರ್ಶನವಿಲ್ಲ. ಹೀಗಾಗಿ ನಮ್ಮ ಕಣ್ಣಿಗೆ ಅದು ಇಲ್ಲವೇ ಇಲ್ಲ.

ನಮ್ಮ ಭಾಗದ್ದೂ ಇದೇ ಕಥೆ. ಚಿತ್ರದುರ್ಗದ ಗುಡ್ಡಗಳ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಹೆದ್ದಾರಿಯಲ್ಲಿ ಹೋಗುವವರೆಲ್ಲ ನೋಡಿರುತ್ತಾರೆ. ಹಳೆಯವು ಸ್ವಲ್ಪ ಕುಳ್ಳು. ದೇಶದಲ್ಲಿ ಈಗ ಬರುತ್ತಿರುವ ಹೊಸ ಮಾದರಿಗಳಲ್ಲಿ 140 ಮೀಟರಿನ ಗೋಪುರ, ಅದರ ಮೇಲೆ 70 ಮೀಟರ್ ಮೀರಿದ ರೆಕ್ಕೆ. ರೆಕ್ಕೆ ನೆಟ್ಟಗೆ ಮೇಲಕ್ಕೆ ಬಂದ ಕ್ಷಣದಲ್ಲಿ ಅದರ ತುದಿ ಜಗತ್ತಿನ ಅತಿ ಎತ್ತರದ ಪ್ರತಿಮೆಯನ್ನು ದಾಟಿರುತ್ತದೆ, ಮರುಕ್ಷಣ ಇಳಿದುಬಿಡುತ್ತದೆ, ಮತ್ತೆ ಏರುತ್ತದೆ. ದಿನಕ್ಕೆ ಸಾವಿರಾರು ಸಲ ದಾಖಲೆ ಮುರಿದರೂ ಹಾರ ಹಾಕುವವರಿಲ್ಲ, ಏಕೆಂದರೆ ಅದು ಬರೀ ವಿದ್ಯುತ್ತು ಕೊಡುತ್ತದೆ. ಹಿರಿಯೂರಿನ ರೈತರು ವಾಣಿವಿಲಾಸ ಸಾಗರದ ನೀರಿನ ಮಟ್ಟ 130 ಅಡಿ ಮುಟ್ಟುವುದನ್ನು ನೋಡಲು 1933ರಿಂದ 2022ರವರೆಗೆ ಕಾದರು. ಅಡಿ ಎಂಬ ಅಳತೆಯನ್ನು ಅಷ್ಟು ಶ್ರದ್ಧೆಯಿಂದ ನೋಡಿಕೊಂಡು ಬಂದವರು ಈ ಸೀಮೆಯಲ್ಲಿ ಬೇರೆ ಯಾರೂ ಇಲ್ಲ, ಆದರೆ ನೀರಿನ ಎತ್ತರಕ್ಕೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ.

ಇಷ್ಟೆಲ್ಲ ಅಧ್ಯಯನದ ಬಳಿಕ ದಾವಣಗೆರೆಗೆ ತಕ್ಕ ವರ್ಗ ಯಾವುದೆಂದು ಯೋಚಿಸಿದಾಗ ಮೊದಲು ಹೊಳೆದದ್ದು ರಸ್ತೆ ಉಬ್ಬು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಉಬ್ಬಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ನಮ್ಮ ಬಡಾವಣೆಗಳಲ್ಲಿ ಪಕ್ಕದ ಮನೆಯವರು ಉಳಿದ ಕಾಂಕ್ರೀಟಿನಲ್ಲಿ ರಾತ್ರೋರಾತ್ರಿ ಹಾಕಿಸುವ ಉಬ್ಬುಗಳಿಗೆ ಅಗಲದ ಹಂಗಿಲ್ಲ, ಎತ್ತರ ಮಾತ್ರ ಇದೆ. ಸ್ಕೂಟರಿನ ಹೊಟ್ಟೆ ಉಜ್ಜಿ ಉಜ್ಜಿ ಅವುಗಳ ನೆತ್ತಿಯ ಮೇಲೆ ಕಬ್ಬಿಣದ ಹೊಳಪಿನ ಗೀರುಗಳು ಮೂಡಿವೆ, ಹಿಂದೆ ಕುಳಿತ ಅಜ್ಜಿಯರು ಅದು ಬರುವ ಮುಂಚೆಯೇ ಇಳಿದು ನಡೆದು ದಾಟುತ್ತಾರೆ. ದೇಶದಲ್ಲೇ ಅತಿ ಎತ್ತರದ ಉಬ್ಬು ಇಲ್ಲಿರುವ ಸಾಧ್ಯತೆ ಬಲವಾಗಿದೆ. ತೊಂದರೆಯೆಂದರೆ ಉಳಿದ ಊರುಗಳವರೂ ಹೀಗೆಯೇ ನಂಬಿರುತ್ತಾರೆ.

ಆದ್ದರಿಂದ ನನ್ನ ಅಂತಿಮ ಶಿಫಾರಸು ಶಂಕುಸ್ಥಾಪನೆಯ ಕಲ್ಲು. ದೇಶದಲ್ಲೇ ಅತಿ ಎತ್ತರದ ಶಂಕುಸ್ಥಾಪನಾ ಫಲಕವನ್ನು ದಾವಣಗೆರೆಯಲ್ಲಿ ನಿಲ್ಲಿಸಬೇಕು. ಯಾವ ಯೋಜನೆಯ ಶಂಕುಸ್ಥಾಪನೆ ಎಂಬ ಪ್ರಶ್ನೆ ಅಪ್ರಸ್ತುತ. ಯೋಜನೆ ಇದ್ದರೆ ಅದನ್ನು ಮುಗಿಸಬೇಕಾದ ತಾಪತ್ರಯ ಬೇರೆ ಬರುತ್ತದೆ. ಫಲಕಕ್ಕೆ ಎತ್ತರ ಬರುವುದು ಶಿಷ್ಟಾಚಾರದಿಂದ. ಮುಖ್ಯಮಂತ್ರಿಗಳಿಂದ ತೊಡಗಿ ಉಪಮುಖ್ಯಮಂತ್ರಿಗಳು, ಜಿಲ್ಲಾ ಉಸ್ತುವಾರಿ ಸಚಿವರು, ಸಂಸದರು, ಶಾಸಕರು, ವಿಧಾನ ಪರಿಷತ್ ಸದಸ್ಯರು, ಮಹಾಪೌರರು, ಉಪಮಹಾಪೌರರು, ಸ್ಥಾಯಿ ಸಮಿತಿಗಳ ಅಧ್ಯಕ್ಷರು, 45 ವಾರ್ಡುಗಳ ಸದಸ್ಯರು, ಜಿಲ್ಲಾಧಿಕಾರಿ, ಆಯುಕ್ತರು, ಕೊನೆಯಲ್ಲಿ ಗುತ್ತಿಗೆದಾರರು ಎಂದು ಬರೆಯುತ್ತ ಹೋಗಿ, ಕೆಳಗಿನಿಂದ ಓದಲು ಸಿಗುವಷ್ಟು ದಪ್ಪ ಅಕ್ಷರದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮೀಟರ್ ಕೊಟ್ಟರೂ ನಾವು ಮುರುಡೇಶ್ವರದ ರಾಜಗೋಪುರದ ಎತ್ತರಕ್ಕೆ ಹತ್ತಿರವಾಗುತ್ತೇವೆ. ಹೆಸರು ಬಿಟ್ಟುಹೋದವರು ಗಲಾಟೆ ಮಾಡಿದಷ್ಟೂ ಕಲ್ಲು ಬೆಳೆಯುತ್ತದೆ. ಸರ್ಕಾರ ಬದಲಾದಾಗ ಹಳೆಯ ಕಲ್ಲನ್ನು ಕೀಳುವ ಈಗಿನ ಪದ್ಧತಿಯನ್ನು ಕೈಬಿಟ್ಟು ಹೊಸದನ್ನು ಅದರ ಮೇಲೆಯೇ ನಿಲ್ಲಿಸಿದರೆ, ಅಟ್ಟಾರಿಯವರು ಎಷ್ಟು ಸಲ ಕಂಬ ಬದಲಿಸಿದರೂ ನಮ್ಮನ್ನು ಹಿಡಿಯಲಾರರು.

ಉಳಿದಿರುವ ತಾಂತ್ರಿಕ ಸಮಸ್ಯೆ ಅನಾವರಣದ್ದು. ಅಷ್ಟು ಎತ್ತರದ ಕಲ್ಲಿಗೆ ಹೊದಿಸುವ ರೇಷ್ಮೆಯ ಪರದೆಯನ್ನು ಗಣ್ಯರು ಕೆಳಗೆ ನಿಂತು ಒಂದೇ ಸಲಕ್ಕೆ ಎಳೆದು ಬೀಳಿಸುವುದು ಆಗದ ಮಾತು. ಅದಕ್ಕೆ ಕ್ರೇನ್ ಬೇಕು, ಕ್ರೇನಿಗೆ ಪ್ರತ್ಯೇಕ ಟೆಂಡರ್ ಕರೆಯಬೇಕು, ಟೆಂಡರಿಗೆ ಮುನ್ನ ಆ ಕ್ರೇನ್ ದೇಶದಲ್ಲೇ ಅತಿ ಎತ್ತರದ್ದಾಗಿರಬೇಕೆಂಬ ಷರತ್ತನ್ನು ಸಾಮಾನ್ಯ ಸಭೆಯಲ್ಲಿಟ್ಟು ಒಪ್ಪಿಗೆ ಪಡೆಯಬೇಕು.